ತಂಪು ಬೇಡುವ ಬೀಜ

ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುವ ಕೆಲಸ ಇನ್ನೂ ಅರ್ಧದಲ್ಲಿತ್ತು. ಚಿಕ್ಕಮ್ಮ ಒಂದೊಂದೇ ಅಚ್ಚನ್ನು ಎಡಗೈಗೆ ಎತ್ತಿಕೊಂಡು, ಬಟ್ಟೆಯ ಚಿಂದಿಯಿಂದ ಮೂಲೆಮೂಲೆಗೂ ಎಣ್ಣೆ ಮುಟ್ಟಿಸಿ, ಬೋರಲು ಹಾಕುತ್ತಿದ್ದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಣ್ಣು ಮಾತ್ರ ಹಿಟ್ಟಿನ ಕೋಣೆಯ ಬಾಗಿಲಿಗೆ ಹೋಗಿ ಹೋಗಿ ಬರುತ್ತಿತ್ತು.

"ಚಿಕ್ಕಮ್ಮಾ, ಎಣ್ಣೆ ಅಚ್ಚಿಗೆ ಹಚ್ಚಬೇಕು, ಮೇಜಿಗಲ್ಲ," ಅಂದ ಬೇಕರಿಯ ಯಜಮಾನ. "ಆ ತಟ್ಟೆಯಲ್ಲಿ ಇರೋದು ಹೂವಿನ ಬೀಜಾನೋ, ನಿಮ್ಮ ಹಳೇ ಪ್ರೇಮಿಯೋ? ಹೀಗೆ ಇಣುಕಿ ಇಣುಕಿ ನೋಡ್ತೀರಲ್ಲ!"

"ಪ್ರೇಮಿ ಆಗಿದ್ರೆ ಇಷ್ಟು ಹೊತ್ತಿಗೆ ನಾಚಿಕೆ ಬಿಟ್ಟು ತಲೆ ಎತ್ತಿರೋನು," ಅಂದಳು ಚಿಕ್ಕಮ್ಮ.

ಅವಳು ಬೇಕರಿಗೆಲ್ಲ ಚಿಕ್ಕಮ್ಮನಾದದ್ದು ಅಕ್ಕನ ಮಗಳ ದೆಸೆಯಿಂದ. ಹುಡುಗಿ ಶಾಲೆ ಬಿಟ್ಟ ಕೂಡಲೇ ಇಲ್ಲಿಗೆ ಓಡಿಬಂದು, "ಚಿಕ್ಕಮ್ಮಾ, ಸುಟ್ಟ ಬನ್ ಇದೆಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಅಂಚು ಕರಿದಾದ ಬನ್ ಅಂದರೆ ಅವಳಿಗೆ ಪ್ರಾಣ. ಕೇಳಿ ಕೇಳಿ ಎಲ್ಲರ ಬಾಯಿಗೂ ಆ ಹೆಸರೇ ಹತ್ತಿತು. ಹುಡುಗಿಯನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಗುಬ್ಬಿ ಈಗ ದೂರದ ಊರೊಂದರ ಆಸ್ಪತ್ರೆಯಲ್ಲಿ ನರ್ಸು.

ಆ ಹೊತ್ತಿಗೆ ಭಾವ ಬಂದ. ಅಕ್ಕನ ಗಂಡ. ಬಸ್ಸಿನ ಕಂಡಕ್ಟರ್ ಆಗಿದ್ದವನು. ನಿವೃತ್ತನಾಗಿ ಎಷ್ಟೋ ಕಾಲವಾದರೂ ಕೊನೆಯ ಸೀಟಿನವರಿಗೆ ಕೇಳಿಸುವಂತೆಯೇ ಮಾತಾಡುತ್ತಾನೆ. ದಿನಾ ಒಂದು ಬ್ರೆಡ್ಡಿನ ನೆಪ ಮಾಡಿಕೊಂಡು ಬರುವುದು, ಗಲ್ಲಾದ ಪಕ್ಕದಿಂದ ನುಸುಳಿ ಹಿಟ್ಟಿನ ಕೋಣೆಗೆ ಹೋಗುವುದು, ಬಗ್ಗಿ ತಟ್ಟೆ ನೋಡುವುದು, ಮುಖ ಇಳಿಬಿಟ್ಟುಕೊಂಡು ವಾಪಸಾಗುವುದು. ಇವತ್ತೂ ಹೋದ. ಒಳಗಿಂದ ಒಂದು ಕೂಗು ಬಂತು ನೋಡಿ, ಭಟ್ಟಿಯ ಮುಂದೆ ನಿಂತಿದ್ದವನ ಕೈಯಿಂದ ಸಲಿಕೆ ಜಾರಿತು.

"ಬನ್ನಮ್ಮಾ! ಹುಟ್ಟಿದೆ ಕಣೇ! ಹುಟ್ಟಿದೆ!"

ನಾದಿನಿಯನ್ನು ಅವನು ಕರೆಯುವುದೇ ಹಾಗೆ, ಬನ್ನಮ್ಮ ಎಂದು. ಚಿಕ್ಕಮ್ಮ ಎಣ್ಣೆಗೈ ಸೆರಗಿಗೆ ಒರೆಸಿಕೊಂಡು ಎದ್ದು ಬರುವಷ್ಟರಲ್ಲಿ ಅವನು ಹೊರಗೆ ಬಂದಾಗಿತ್ತು. ಕಣ್ಣು ತುಂಬಿತ್ತು, ಮೂಗಿನ ತುದಿಗೆ ಮೈದಾ ಹತ್ತಿತ್ತು. "ಮನೆಗೆ ಹೋಗಿ ಗುಬ್ಬಿಗೆ ಫೋನ್ ಮಾಡ್ತೀನಿ. ನಾನೇ ಹೇಳ್ತೀನಿ. ನೀನು ಮಾಡಬೇಡ, ನಾನೇ ಹೇಳಬೇಕು!" ಎಂದವನು ಬ್ರೆಡ್ಡನ್ನೂ ಮರೆತು ಬೀದಿಗಿಳಿದ.

"ತಡೀರಿ ಭಾವ, ನಾನೊಂದು ಸಲ..." ಅಂದದ್ದು ಅವನ ಬೆನ್ನಿಗೂ ಕೇಳಿಸಲಿಲ್ಲ.

ಹಿಟ್ಟಿನ ಕೋಣೆ ಬೇಕರಿಯಲ್ಲೇ ತಂಪಾದ ಜಾಗ. ಬಿಸಿಲು ಕಾಣದ ಗೋಡೆ, ಕಲ್ಲಿನ ನೆಲ. ಮೂಟೆಗಳ ಸಂದಿನಲ್ಲಿ ತಟ್ಟೆ ಇತ್ತು. ಚಿಕ್ಕಮ್ಮ ಮೊಣಕಾಲೂರಿ ಕೂತಳು. ಕರಿ ಮಣ್ಣಿನ ಅಂಚಿನಲ್ಲಿ ದಾರದಂಥ ಒಂದು ದಂಟು, ಅದರ ತುದಿಯಲ್ಲಿ ಎರಡು ಪುಟ್ಟ ಎಲೆ. ಇನ್ನೂ ಹತ್ತಿರಕ್ಕೆ ಬಗ್ಗಿದಳು. ಈ ಎಲೆಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲ! ಅಕ್ಕನ ತಟ್ಟೆಯಲ್ಲಿ ನೋಡಿದ್ದೋ, ಬೇರೆಲ್ಲಾದರೂ ನೋಡಿದ್ದೋ?

ಅಕ್ಕ ಇದ್ದಿದ್ದರೆ ಕೇಳಬಹುದಿತ್ತು. ಇದ್ದಾಗ ಯಾರೂ ಕೇಳಲಿಲ್ಲ, ಅದೇ ಆದ ಎಡವಟ್ಟು.

ಅಕ್ಕನ ಹಿತ್ತಿಲಲ್ಲಿ ಒಂದು ಹೂ ಇತ್ತು. ಸೊಂಟದೆತ್ತರದ ಕಡ್ಡಿ, ಬುಡದಿಂದ ತುದಿಯವರೆಗೆ ತಿಳಿನೀಲಿ ಹೂ, ಒಂದೊಂದು ಹೂವಿನ ನಡುವೆಯೂ ಕಾಡಿಗೆ ಹಚ್ಚಿದಂಥ ಕಪ್ಪು ಕಣ್ಣು. ಬೇರೆಯವರ ತೋಟದಲ್ಲಿ ನೀಲಿ ಹೂ ಎಷ್ಟೋ ಇದ್ದವು, ಅವುಗಳ ಕಣ್ಣು ಬಿಳಿ. ಕಪ್ಪು ಕಣ್ಣಿನದು ಅಕ್ಕನೊಬ್ಬಳದೇ. ಎಷ್ಟೋ ವರ್ಷ ಬೀಜ ಆರಿಸಿ ಆರಿಸಿ ಅವಳೇ ಮಾಡಿಕೊಂಡದ್ದು. ಆ ಬೀಜದ ಬಾಟಲಿಯನ್ನು ಅವಳು ಫ್ರಿಜ್ಜಿನ ಬಾಗಿಲಲ್ಲಿ ಇಡುತ್ತಿದ್ದಳು. ಬಿತ್ತಿದ ತಟ್ಟೆಯನ್ನೂ ಕಪ್ಪು ಬಟ್ಟೆ ಸುತ್ತಿ ಫ್ರಿಜ್ಜಿಗೇ ತುರುಕುತ್ತಿದ್ದಳು. "ಹಾಲಿಗೆ ಜಾಗ ಇಲ್ಲ, ಮಣ್ಣಿಗೆ ಜಾಗ! ನಾಳೆ ನನ್ನನ್ನೂ ಹೊರಗೆ ಹಾಕಿ ಇನ್ನೊಂದು ಕುಂಡ ಇಡ್ತೀಯ," ಎಂದು ಭಾವ ರೇಗುತ್ತಿದ್ದ. ಅಕ್ಕ ತುಟಿ ಬಿಚ್ಚುತ್ತಿರಲಿಲ್ಲ. ಮಾತಿನಲ್ಲಿ ಅಷ್ಟು ಜಿಪುಣಿ. ಅವಳ ಹುಚ್ಚು ಅವಳಿಗೆ ಎಂದುಕೊಂಡು ಎಲ್ಲರೂ ಸುಮ್ಮನಾದರು.

ಆಮೇಲೆ ಅಕ್ಕ ಹಾಸಿಗೆ ಹಿಡಿದಳು. ಅವಳು ಆಸ್ಪತ್ರೆಯಲ್ಲಿದ್ದಾಗ ಭಾವ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದ. ಮನೆಗೆ ಬಂದ ಮೇಲೆ ಗಾಲಿಕುರ್ಚಿ ಸಲೀಸಾಗಿ ಓಡಾಡಲಿ, ಗಾಳಿ ಬೆಳಕಿನಲ್ಲಿ ಕೂರಲಿ ಎಂಬ ಆಸೆ. ಗಿಡಗಳನ್ನು ಕುಂಡಕ್ಕೆ ಎತ್ತಿಡಿ ಎಂದು ಕೆಲಸದವರಿಗೆ ಹೇಳಿದ್ದನಂತೆ. ಅವರು ಗುದ್ದಲಿಯಲ್ಲಿ ಎತ್ತಿ ಬೀದಿಗೆ ಎಸೆದರು. ಗಾಲಿಕುರ್ಚಿಯೂ ಬಂತು, ಅಕ್ಕ ಮಾತ್ರ ಬರಲಿಲ್ಲ. ಗುಬ್ಬಿ ಬಂದವಳು ಹಿತ್ತಿಲ ಬಾಗಿಲು ತೆಗೆದು ಆ ಬೋಳು ಸಿಮೆಂಟು ನೋಡಿ, "ಅಮ್ಮನಿಗಿಂತ ಮೊದಲೇ ಅಮ್ಮನ ತೋಟಾನ ಹೂತುಬಿಟ್ರಲ್ಲ ಅಪ್ಪಾ," ಅಂದಳು. ಅಷ್ಟೇ ಅಂದದ್ದು. ಅಲ್ಲಿಂದಾಚೆ ಅಪ್ಪನ ಜೊತೆ ಫೋನಿನಲ್ಲಿ ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಫೋನ್ ಇಡ್ಲಾ, ಇಷ್ಟೇ. ಮನೆಗೆ ಕಾಲಿಟ್ಟಿಲ್ಲ.

ಉಳಿದದ್ದು ಫ್ರಿಜ್ಜಿನ ಬಾಗಿಲಲ್ಲಿದ್ದ ಬಾಟಲಿ ಒಂದೇ. ಭಾವ ಅದನ್ನು ತೆಗೆದು ನಡುಮನೆಯ ಗಾಜಿನ ಬೀರುವಿನಲ್ಲಿ, ಅಕ್ಕನ ಕನ್ನಡಕ, ಕೈಗಡಿಯಾರದ ಪಕ್ಕದಲ್ಲಿ ಇಟ್ಟ. ಟೊಮೆಟೊ, ಮೆಣಸಿನಕಾಯಿ ನಡುವೆ ಅವಳ ಬೀಜ ಯಾಕಿರಬೇಕು ಎಂಬ ಗೌರವ ಅವನದು. ದಿನಾ ಗಾಜು ಒರೆಸುತ್ತಿದ್ದ. ಎರಡು ಬೇಸಿಗೆ ಅದು ಅಲ್ಲೇ ಇತ್ತು.

ಆಗ ಗುಬ್ಬಿಯ ಕಾಗದ ಬಂತು, ಚಿಕ್ಕಮ್ಮನ ಹೆಸರಿಗೆ. ಹುಡುಗಿ ಹಾಸ್ಟೆಲಿಗೆ ಸೇರಿದಾಗಿನಿಂದ ಇಬ್ಬರಿಗೂ ಕಾಗದದ ರೂಢಿ. ಫೋನಿನಲ್ಲಿ ಬಾಯಿಗೆ ಬಾರದ್ದು ಕಾಗದದಲ್ಲಿ ಬರುತ್ತದೆ. "ನನ್ನ ಬಾಗಿಲ ಮುಂದೆ ಒಂದು ಮಡಿ ಮಾಡಿದೀನಿ. ಅಮ್ಮನ ಹೂವಿಗೆ ಅಂತ ಖಾಲಿ ಬಿಟ್ಟಿದೀನಿ, ಬೇರೆ ಏನೂ ನೆಡಲ್ಲ. ಅಪ್ಪನ್ನ ಕೇಳೋಕೆ ಮನಸ್ಸು ಬರಲ್ಲ. ನೀನು ಆ ಬೀಜದಲ್ಲಿ ಸಸಿ ಎಬ್ಬಿಸಿಕೊಡು. ಆಗತ್ತೋ ಇಲ್ವೋ, ನಿಜ ಬರಿ."

ಭಾವ ಬಾಟಲಿ ಕೊಟ್ಟ. "ಇದೊಂದು ಎದ್ದರೆ ಅವಳು ನನ್ನ ಮುಖ ನೋಡ್ತಾಳೇನೋ," ಅಂದ.

ಚಿಕ್ಕಮ್ಮ ಬದುಕೆಲ್ಲ ಭಟ್ಟಿಯ ಮುಂದೆ ಕಳೆದವಳು. ನಾದಿದ ಹಿಟ್ಟು ಏಳಬೇಕಾದರೆ ಏನು ಬೇಕು? ಶಾಖ ಬೇಕು. ಒದ್ದೆ ಬಟ್ಟೆ ಹೊದಿಸಿ, ಭಟ್ಟಿಯ ಮೇಲಿನ ಕಟ್ಟೆಯಲ್ಲಿ ಬೆಚ್ಚಗೆ ಇಟ್ಟರೆ ಹಿಟ್ಟು ತಾನಾಗಿ ಉಬ್ಬುತ್ತದೆ. ಬೀಜವೂ ಅಷ್ಟೇ ತಾನೇ ಎಂದುಕೊಂಡಳು. ತಟ್ಟೆಯಲ್ಲಿ ಬಿತ್ತಿ, ಒದ್ದೆ ಬಟ್ಟೆ ಹೊದಿಸಿ, ಮಗುವಿನ ಹಾಗೆ ಎತ್ತಿ ಭಟ್ಟಿಯ ಮೇಲೆ ಮಲಗಿಸಿದಳು. ಒಂದೂ ಏಳಲಿಲ್ಲ. ಶಾಖ ಸಾಲದೇನೋ ಎಂದು ಎರಡನೆಯ ಸಲ ಇನ್ನೂ ಹತ್ತಿರಕ್ಕೆ ಇಟ್ಟಳು!

ಕೊನೆಗೆ ನರ್ಸರಿಯವನ ಹತ್ತಿರ ಹೋದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ಬೀಜ ಬಿತ್ತಿಲ್ಲ ತಾಯಿ, ಬೀಜದ ಬನ್ ಮಾಡಿದೀರ. ಇದು ತಂಪಿನ ಗಿಡ. ತಂಪು ಬೇಕು, ಕತ್ತಲು ಬೇಕು. ಬೀಜ ಇಡೋದೂ ಫ್ರಿಜ್ಜಲ್ಲೇ ಇಡಬೇಕು, ಇಲ್ಲದಿದ್ರೆ ಬೇಗ ಜೀವ ಬಿಟ್ಟುಬಿಡತ್ತೆ. ಇಷ್ಟು ದಿನ ಎಲ್ಲಿಟ್ಟಿದ್ರಿ?"

ಅವಳು ಗಾಜಿನ ಬೀರುವಿನ ವಿಷಯ ಹೇಳಿದಳು. ಅವನ ನಗು ನಿಂತಿತು. ಲೊಚಗುಟ್ಟಿ, "ಇದ್ದದ್ದನ್ನೆಲ್ಲ ಹಾಕಿ ನೋಡಿ," ಅಂದ. ಅದರ ಅರ್ಥ ಅವಳಿಗೆ ಆಗಲೇ ಆಗಿತ್ತು. ಆದರೂ ಯಜಮಾನನನ್ನು ಗೋಗರೆದು, ಬೆಣ್ಣೆ ಈಸ್ಟಿನ ಫ್ರಿಜ್ಜಿನಲ್ಲಿ ಕಪ್ಪು ಚೀಲ ಸುತ್ತಿದ ತಟ್ಟೆಯನ್ನು ವಾರಗಟ್ಟಲೆ ಇಟ್ಟು, ಆಮೇಲೆ ಹಿಟ್ಟಿನ ಕೋಣೆಗೆ ತಂದಳು. ಬಾಟಲಿ ಬರಿದಾಗಿತ್ತು. ಭಾವನಿಗೆ ಬೀರುವಿನ ಮಾತು ಹೇಳಲಿಲ್ಲ. ಸಿಮೆಂಟಿನ ನೋವೇ ಅವನ ಗಂಟಲಲ್ಲಿ ಕೂತಿರುವಾಗ ಇನ್ನೊಂದು ಕಲ್ಲು ಯಾಕೆ?

ಗುಬ್ಬಿಯ ಕಾಗದಕ್ಕೆ ಉತ್ತರ ಮಾತ್ರ ಹೋಗಲೇ ಇಲ್ಲ. "ಗುಬ್ಬಿ, ನಾನು ಚೆನ್ನಾಗಿದೀನಿ" ಎಂದು ಶುರುಮಾಡುವುದು, ಈ ತಟ್ಟೆಯ ಕಥೆ ಏನಾಗುತ್ತೋ ನೋಡಿ ಬರೆದರಾಯಿತು ಎಂದು ಎತ್ತಿಡುವುದು. ಫೋನಿನಲ್ಲಿ ಹುಡುಗಿ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡ್ತಿದೀನಿ ಕಣೇ, ನೋಡೋಣ." ಅಲ್ಲಿ ಮಡಿ ಖಾಲಿಯೇ ಇತ್ತು.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಬೇಕರಿಯ ಹಿಂದಿನ ನಲ್ಲಿಯಲ್ಲಿ ಬಕೆಟ್ ತೊಳೆಯುತ್ತಿದ್ದಳು. ಚರಂಡಿಯ ಬಿರುಕಿನಲ್ಲಿ ಕಳೆ ಬೆಳೆದಿತ್ತು, ವರ್ಷವಿಡೀ ಬೆಳೆಯುತ್ತದೆ, ಕಿತ್ತಷ್ಟೂ ಬರುತ್ತದೆ. ಕೈ ತಾನಾಗಿ ನಿಂತಿತು. ಬಗ್ಗಿ ಒಂದು ಎಳೆಯದನ್ನು ಕಿತ್ತಳು. ದಾರದಂಥ ದಂಟು, ಎರಡು ಪುಟ್ಟ ಎಲೆ. ಬೆರಳಲ್ಲಿ ಹೊಸಕಿ ಮೂಸಿದಳು. ಹಿಟ್ಟಿನ ಕೋಣೆಗೆ ಹೋಗಿ ತಟ್ಟೆಯದರ ಪಕ್ಕದಲ್ಲಿ ಹಿಡಿದಳು. ಅವಳಿಜವಳಿ.

ಮೂಟೆಗೆ ಒರಗಿ ಕೂತುಬಿಟ್ಟಳು. ಉಳಿದ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿದಳು. ಬೀಜಗಳು ಬಿತ್ತಿದ ಹಾಗೇ ಇದ್ದವು. ಉಗುರಿನಲ್ಲಿ ಒತ್ತಿದರೆ ಒಳಗೆ ಏನೂ ಇಲ್ಲ, ಬರೀ ಪುಡಿ.

ಮಧ್ಯಾಹ್ನ ರಜೆ ಹೇಳಿ ನರ್ಸರಿಗೆ ಹೋದಳು. ಅವನು ಕೇಳಿಸಿಕೊಂಡು, ತಲೆ ಕೆರೆದುಕೊಂಡು, ಒಂದು ಕಾಗದದ ಲೋಟದಲ್ಲಿದ್ದ ಸಸಿಯನ್ನು ಮುಂದಿಟ್ಟ. "ಇದೇ ಜಾತಿ. ನೀಲಿಯೇ ಬಿಡತ್ತೆ. ಸಸಿಯಲ್ಲಿ ಏನು ಹಣೆಬರಹ ಬರೆದಿರತ್ತಾ? ಹುಟ್ಟಿತು ಅಂತ ಹೇಳಿಯಾಗಿದೆ, ಇದನ್ನೇ ಕೊಟ್ಟುಬಿಡಿ. ಮನೆ ಒಂದಾಗತ್ತೆ."

ತಗೊಳ್ಳಬಾರದು ಎಂದುಕೊಂಡೇ ತಗೊಂಡಳು.

ಅಲ್ಲಿಂದ ನೇರ ಭಾವನ ಮನೆಗೆ ಹೋದಳು. ಅವನು ಬಾಗಿಲಲ್ಲೇ ಕಾಯುತ್ತಿದ್ದ. ಹೊಸ ಶರ್ಟು, ಬಾಚಿದ ತಲೆ. "ಬಾ ಬನ್ನಮ್ಮ, ಬಾ. ಎಷ್ಟು ಹೊತ್ತು ಮಾತಾಡಿದ್ಲು ಗೊತ್ತಾ? ಫೋನ್ ಬಿಸಿಯಾಗಿ ನನ್ನ ಕಿವಿ ಬೆಂದುಹೋಯ್ತು! ಮಾತಿಗೊಂದು ಸಲ ಅಪ್ಪಾ ಅಂತಾಳೆ. ಎಲೆ ಎಷ್ಟು, ಬಣ್ಣ ಹೇಗಿದೆ, ಅಪ್ಪಾ ನೀರು ಜಾಸ್ತಿ ಹಾಕಬೇಡಿ ಅಪ್ಪಾ. ಮೊಗ್ಗು ಬಿಟ್ಟಾಗ ಬರ್ತಾಳಂತೆ. ಇಲ್ಲೇ ಇದ್ದು ಅರಳೋದು ನೋಡ್ತಾಳಂತೆ. ಅವಳ ಕೋಣೆ ಗುಡಿಸಿಟ್ಟಿದೀನಿ, ನೋಡು ಬಾ."

ಚಿಕ್ಕಮ್ಮ ಅವನ ಹಿಂದೆ ಹೋಗಿ ಕೋಣೆ ನೋಡಿದಳು. ಮಂಚಕ್ಕೆ ಒಗೆದ ಹಾಸು, ಕಿಟಕಿಯ ಗಾಜು ಫಳಫಳ. ಕೈಚೀಲದ ಬಾಯಿ ಬಿಚ್ಚಿತ್ತೇನೋ, ಭಾವನ ಕಣ್ಣು ಅದರ ಮೇಲೆ ಬಿತ್ತು.

"ಅದೇನದು? ಸಸೀನ? ಆಗಲೇ ಇಷ್ಟು ಬೆಳೀತಾ?"

"ಇಲ್ಲ ಭಾವ." ಅವಳು ಮಂಚದ ತುದಿಯಲ್ಲಿ ಕೂತಳು. "ಇದು ನರ್ಸರಿಯಿಂದ ತಂದದ್ದು. ತಟ್ಟೆಯಲ್ಲಿ ಎದ್ದಿರೋದು ಕಳೆ. ನಲ್ಲಿ ಹತ್ತಿರ ಬೆಳೆಯತ್ತಲ್ಲ, ಅದೇ. ಅಕ್ಕನ ಬೀಜ ಒಂದೂ ಏಳಲಿಲ್ಲ. ಇನ್ನು ಏಳೋದೂ ಇಲ್ಲ."

ಭಾವ ಚೀಲದಿಂದ ಲೋಟವನ್ನು ಎತ್ತಿಕೊಂಡು, ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿದ. "ಇದೂ ನೀಲಿಯೇ ಅಲ್ವಾ? ಅವಳಿಗೆ ಹೇಗೆ ಗೊತ್ತಾಗತ್ತೆ? ನೀನು ಬಾಯಿಬಿಡದಿದ್ರೆ ಆಯ್ತು."

"ಕಣ್ಣು ಕಪ್ಪಿರಲ್ಲ ಭಾವ."

"ಒಂದು ಕಣ್ಣು! ಯಾರು ನೋಡ್ತಾರೆ?"

"ಗುಬ್ಬಿ ನೋಡ್ತಾಳೆ. ಅದು ಅರಳೋ ದಿನ ಅವಳು ನಿಮ್ಮ ಪಕ್ಕದಲ್ಲೇ ನಿಂತಿರ್ತಾಳೆ. ಬಿಳಿ ಕಣ್ಣು ಬಿಟ್ಟಾಗ ನೀವು ಯಾವ ಕಡೆ ನೋಡ್ತೀರಿ?"

ಭಾವ ಲೋಟವನ್ನು ಕಿಟಕಿಯಲ್ಲಿಟ್ಟ. ನಡುಮನೆಗೆ ಹೋದ. ಚಿಕ್ಕಮ್ಮ ಹಿಂದೆಯೇ ಬಂದಳು. "ನೀನು ಈ ಸಲ ನರ್ಸರಿಯವನು ಹೇಳಿದ ಹಾಗೇ ಮಾಡಿದ್ಯಲ್ಲ," ಅಂದ ಅವನು. "ಫ್ರಿಜ್ಜು, ಕತ್ತಲು, ಎಲ್ಲ. ಮತ್ತೆ ಯಾಕೆ ಏಳಲಿಲ್ಲ?"

ಚಿಕ್ಕಮ್ಮ ನೆಲ ನೋಡಿದಳು. ಸುಳ್ಳೊಂದು ತುಟಿಯ ತನಕ ಬಂದಿತ್ತು; ಹಳೇ ಬೀಜ, ಕೆಟ್ಟ ಮಣ್ಣು, ಏನಾದರೂ ಹೇಳಬಹುದಿತ್ತು. ಕಣ್ಣು ಮಾತ್ರ ತಡೆಯಲಾರದೆ ಬೀರುವಿನ ಕಡೆ ಹೊರಳಿತು. ಭಾವನೂ ಅತ್ತ ನೋಡಿದ. ಪಡುವಣ ಕಿಟಕಿಯಿಂದ ಬಿಸಿಲು ನೇರ ಬೀರುವಿನ ಮೇಲೆ ಬಿದ್ದಿತ್ತು; ಅಕ್ಕನ ಕನ್ನಡಕ ಹೊಳೆಯುತ್ತಿತ್ತು. ಅವನು ಹೋಗಿ ಗಾಜಿನ ಮೇಲೆ ಅಂಗೈ ಇಟ್ಟ.

"ಕಾದಿದೆ," ಅಂದ.

ಅಂಗೈ ತೆಗೆಯಲಿಲ್ಲ. "ಅವಳು ಫ್ರಿಜ್ಜಲ್ಲಿ ಇಟ್ಟಿದ್ದಳು. ನಾನು ತೆಗೆದೆ. ದಿನಾ ಒರೆಸ್ತಿದ್ದೆ ಕಣಮ್ಮ ಇದನ್ನ. ದಿನಾ." ಕುರ್ಚಿ ಎಳೆದುಕೊಳ್ಳಲು ಹೋಗಿ, ಸಿಕ್ಕದೆ, ನೆಲದ ಮೇಲೇ ಕೂತ. ಕೊನೆಯ ಸೀಟಿಗೆ ಕೇಳುತ್ತಿದ್ದ ಗಂಟಲು ಪಕ್ಕದಲ್ಲಿದ್ದವಳಿಗೂ ಕೇಳದಷ್ಟು ಸಣ್ಣದಾಯಿತು. ಚಿಕ್ಕಮ್ಮ ನೀರು ತಂದುಕೊಟ್ಟಳು. ಕುಡಿಯಲಿಲ್ಲ.

"ಗುಬ್ಬಿಗೆ ನಾನು ಬರೀತೀನಿ," ಅಂದಳು ಅವಳು. "ಭಟ್ಟಿ ಮೇಲಿಟ್ಟು ನಾನೇ ಕೊಂದೆ ಅಂತ ಬರೀತೀನಿ. ಅದೂ ಸುಳ್ಳಲ್ಲ. ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ತಡ್ಕೋತೀನಿ. ಬೀರು ವಿಷಯ ಯಾಕೆ?"

"ಅರ್ಧ ಟಿಕೆಟ್ ಹರಿದುಕೊಟ್ಟು ಪೂರ್ತಿ ದೂರ ಕೂರಿಸ್ತೀಯಾ ನನ್ನ?" ಭಾವ ತಲೆ ಅಲ್ಲಾಡಿಸಿದ. ನಗಲು ನೋಡಿದ, ಮುಖ ಒಪ್ಪಲಿಲ್ಲ. "ಮೊಗ್ಗಿಗೆ ಅಂತ ರಜೆ ಕೂಡಿಡ್ತಿದಾಳೆ ಹುಡುಗಿ. ಬರಿ. ಇಲ್ಲೇ ಕೂತು ಬರಿ. ಅಥವಾ ಫೋನ್ ಮಾಡಿಬಿಡ್ಲಾ?" ಫೋನ್ ಎತ್ತಿಕೊಂಡ, ನೋಡಿದ, ಕೆಳಗಿಟ್ಟ.

"ಫೋನಲ್ಲಿ ನಾವಿಬ್ಬರೂ ಜಾರಿಕೊಳ್ತೀವಿ ಭಾವ. ಅವಳು ಬರಿ ಅಂದಿದ್ದಳು."

ಊಟದ ಮೇಜಿನ ಮೇಲೆ ಕಾಗದ ಹರಡಿದರು. ಚಿಕ್ಕಮ್ಮನ ಅಕ್ಷರ ದೊಡ್ಡದು, ನಿಧಾನ. ಈ ಸಲ ಚೆನ್ನಾಗಿದೀನಿ ಎಂದು ಶುರುಮಾಡಲಿಲ್ಲ. ಬೀಜ ಹುಟ್ಟಿಲ್ಲ, ಅಪ್ಪ ನೋಡಿದ್ದು ಕಳೆ, ಅವರಿಗೆ ಗೊತ್ತಿರಲಿಲ್ಲ, ಬೇಕೆಂದೇ ನಿನಗೆ ಸುಳ್ಳು ಹೇಳಿದ್ದಲ್ಲ. ಬಾಟಲಿ ಖಾಲಿ, ಇನ್ನು ಕಾಯಬೇಡ. ಎರಡು ತಟ್ಟೆ ನಾನು ಭಟ್ಟಿಯ ಮೇಲಿಟ್ಟೆ, ನಿಮ್ಮಮ್ಮ ಯಾಕೆ ಫ್ರಿಜ್ಜಲ್ಲಿ ಇಡ್ತಾಳೆ ಅಂತ ಒಂದು ದಿನವೂ ಕೇಳಿದವಳಲ್ಲ ನಾನು. ಬರೆದದ್ದನ್ನು ಓದಿ ಹೇಳಿದಳು. ಭಾವ ಪೆನ್ನಿಗೆ ಕೈ ಚಾಚಿದ.

ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಡುತ್ತಿದ್ದ ಕೈ ಅದು. ಗೀಚುಗೀಚಾಗಿ ಬಂತು. ಒಂದು ಸಾಲು ಬರೆದು ಹೊಡೆದುಹಾಕಿದ, ಮತ್ತೆ ಬರೆದ. "ಬಾಟಲಿ ಫ್ರಿಜ್ಜಿಂದ ತೆಗೆದು ಬೀರುವಿನಲ್ಲಿ ಬಿಸಿಲಿಗೆ ಇಟ್ಟವನು ನಾನು. ಅದೂ ನನ್ನಿಂದಲೇ ಹೋಯ್ತು. ಕಾಗದ ಸೇರಿದ ಮೇಲೆ ಫೋನ್ ಮಾಡ್ತೀನಿ. ಬೈಯಿ. ಇಟ್ಟುಬಿಡಬೇಡ."

"ಬರ್ತಾಳೋ ಇಲ್ವೋ," ಅಂದಳು ಚಿಕ್ಕಮ್ಮ, ಕವರಿನ ಅಂಟು ಒದ್ದೆ ಮಾಡುತ್ತ.

"ಬರದೇ ಇರಬಹುದು," ಅಂದ ಭಾವ. ಹೊಸ ಶರ್ಟಿನಲ್ಲೇ ಚಪ್ಪಲಿ ಮೆಟ್ಟಿ ಹೊರಟ.

ಅಂಚೆ ಕಚೇರಿ ಮುಚ್ಚುವ ಹೊತ್ತು. ಗುಮಾಸ್ತೆ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ನಾಳೆ ಬನ್ನಿ."

"ನಾಳೆ ಅಂದ್ರೆ ನಾವು ಬರಲ್ಲಮ್ಮ," ಅಂದ ಭಾವ. ಏನು ಕಂಡಳೋ ಅವನ ಮುಖದಲ್ಲಿ, ಮತ್ತೆ ಕೂತು ಕವರನ್ನು ತಕ್ಕಡಿಗೆ ಹಾಕಿದಳು.

"ಉಬ್ಬಿದೆಯಲ್ಲ. ಒಳಗೆ ಬೇರೆ ಏನಾದ್ರೂ ಇದೆಯಾ?"

"ಬರೀ ಕಾಗದ," ಅಂದಳು ಚಿಕ್ಕಮ್ಮ.

ಗುಮಾಸ್ತೆ ಸ್ಟಾಂಪು ಹಚ್ಚಿ, ಮುದ್ರೆ ಒತ್ತಿ, ಹಿಂದೆ ನೋಡದೆಯೇ ಭುಜದ ಮೇಲಿಂದ ಚೀಲಕ್ಕೆ ಎಸೆದಳು. ಹೊರಡಲಿದ್ದ ಚೀಲದ ಬಾಯಿಯನ್ನು ಒಬ್ಬನು ದಾರದಿಂದ ಬಿಗಿದ, ಎಳೆದುಕೊಂಡು ಹೊರಗೆ ನಿಂತ ಗಾಡಿಗೆ ಹಾಕಿದ. ಗಾಡಿ ಬೀದಿಯ ತಿರುವು ದಾಟುವ ತನಕ ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದರು.